ಬಾವುಟಗುಡ್ಡೆಯ ವಿದ್ಯಾಲಯವೂ ಅದನ್ನು ಕಂಡವರೂ

ಇಟಲಿಯ ವೆನಿಸ್ ಪ್ರಾಂತಕ್ಕೆ ಸೇರಿದ ಯೇಸುಸಭೆಯ ಗುರುಗಳ ಮೊದಲ ತಂಡವು 1878ನೆಯ ಇಸವಿಯ ಡಿಸೆಂಬರ್ 31ರಂದು ಮಂಗಳೂರಿಗೆ ಬಂದಿಳಿದಾಗ, ಅವರನ್ನು ಎದುರುಗೊಂಡ ಕಥೋಲಿಕ ಜನತೆಯ ಪಾಲಿಗೆ ಅದು ಅಕಸ್ಮಾತ್ತಾಗಿ ಒದಗಿದ ಭಾಗ್ಯವಾಗಿರಲಿಲ್ಲ. ತಮ್ಮ ಮಕ್ಕಳಿಗೆ ಉನ್ನತ ವಿದ್ಯೆಯನ್ನು ಕೊಡಬಲ್ಲ ಕಾಲೇಜೊಂದು ತಮ್ಮ ಊರಿನಲ್ಲಿಯೇ ನೆಲೆಗೊಳ್ಳಬೇಕೆಂದು ಅವರು ರೋಮಿನವರೆಗೆ ಅರ್ಜಿಗಳನ್ನು ಕಳುಹಿಸಿ ಕಾದಿದ್ದರು, ಮತ್ತು ಹದಿಮೂರನೆಯ ಲಿಯೋ ಜಗದ್ಗುರುಗಳು ಆ ವರ್ಷವೇ ಮಂಗಳೂರಿನ ಧರ್ಮಪ್ರಾಂತವನ್ನು ಕಾರ್ಮೆಲ್ ಸಭೆಯವರಿಂದ ಬಿಡಿಸಿ ಯೇಸುಸಭೆಯವರ ಕೈಗೆ ಒಪ್ಪಿಸಿದ್ದು ಆ ಕಾಯುವಿಕೆಯ ಫಲವೇ ಆಗಿದ್ದಿತು. ಬಂದವರು ಕಾಲಹರಣ ಮಾಡಲಿಲ್ಲ. 1880ರ ಜನವರಿ 12ರಂದು ಕಾಲೇಜು ಆರಂಭವಾಯಿತು; ಜೋಸೆಫ್ ವಿಲ್ಲಿ ಎಂಬ ಗುರುಗಳು ಅದರ ಪ್ರಥಮ ಮುಖ್ಯಸ್ಥರಾದರು; ಊರಿನ ಗಣ್ಯರಾದ ಲಾರೆನ್ಸ್ ಲೋಬೊ ಪ್ರಭುಗಳು ಬಾವುಟಗುಡ್ಡೆಯ ಮೇಲಿನ ತಮ್ಮ ಭೂಮಿಯನ್ನು ದಾನವಾಗಿತ್ತರು; ಅದೇ ದಶಕದಲ್ಲಿ ಆ ನೆತ್ತಿಯ ಮೇಲೆ ಕಟ್ಟಡವೂ ಪ್ರಾರ್ಥನಾಮಂದಿರವೂ ಎದ್ದು ನಿಂತವು. ಮದರಾಸು, ಮೈಸೂರು, ಮಂಗಳೂರು ಎಂಬ ಮೂರು ವಿಶ್ವವಿದ್ಯಾನಿಲಯಗಳ ಆಶ್ರಯದಲ್ಲಿ ಕ್ರಮವಾಗಿ ಬೆಳೆದು, 2007ರಲ್ಲಿ ಸ್ವಾಯತ್ತತೆಯನ್ನು ಪಡೆದು, 2024ರ ಆದಿಯಲ್ಲಿ ಪರಿಗಣಿತ ವಿಶ್ವವಿದ್ಯಾನಿಲಯವೆನಿಸಿದ ಸಂತ ಅಲೋಶಿಯಸ್ ಸಂಸ್ಥೆಯ ಬಾಹ್ಯ ಚರಿತ್ರೆಯು ಸಂಕ್ಷೇಪದಲ್ಲಿ ಇಷ್ಟೆ.

ಸಂಸ್ಥೆಯೊಂದರ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಒಳಗಿನವರಾಗಿರುವರು. ಅವರ ಕೈಯಲ್ಲಿ ದಫ್ತರಗಳಿರುವುವು, ಮುಖ್ಯಸ್ಥರ ಅನುಕ್ರಮವಿರುವುದು, ಕಟ್ಟಡಗಳ ಉದ್ಘಾಟನೆಯ ತಾರೀಖುಗಳಿರುವುವು. ಭೀಮೆಯ ದಂಡೆಗೆ ಸಮೀಪವಾದ, ಇತ್ತೀಚಿನವರೆಗೂ ಸಿಂದಗಿ ತಾಲ್ಲೂಕಿನ ಹೋಬಳಿಯಾಗಿದ್ದ ಆಲಮೇಲದಂಥ ಊರಿನ ನನ್ನಂಥವನಿಗೆ ಆ ಅನುಕೂಲವಿಲ್ಲ. ಅವನಿಗೆ ಇರುವ ಅನುಕೂಲವೆಂದರೆ ದೂರ ಒಂದೇ. ದೂರದಿಂದ ನೋಡುವವನಿಗೆ ಕಟ್ಟಡಕ್ಕಿಂತ ಮೊದಲು ಅದನ್ನು ಸುತ್ತುವರಿದು ನೋಡುತ್ತಿರುವ ಜನರೇ ಕಣ್ಣಿಗೆ ಬೀಳುವರು. ಹಾಗೆ ಬಿದ್ದದ್ದನ್ನು ಬರೆಯುವುದಾದರೆ, ಬಾವುಟಗುಡ್ಡೆಯ ಈ ವಿದ್ಯಾಲಯವನ್ನು ನೂರನಾಲ್ವತ್ತಕ್ಕೂ ಮಿಕ್ಕ ವರ್ಷಗಳಲ್ಲಿ ಯಾರು ಯಾರು ಯಾವ ರೂಪದಲ್ಲಿ ಕಂಡರೆಂಬುದು, ಅದು ತನ್ನನ್ನು ಏನೆಂದು ಸಾರಿಕೊಂಡಿತೆಂಬುದರ ಮೇಲೆ ಅಷ್ಟಾಗಿ ನಿಂತಿಲ್ಲ. ಯಾರು ಅದಕ್ಕೆ ಏನನ್ನು ಕೊಟ್ಟರೋ ಅದನ್ನೇ ಅವರು ಅದರಲ್ಲಿ ಕಂಡರು.

ಭೂಮಿಯನ್ನೂ ಹಣವನ್ನೂ ಕೊಟ್ಟ ಮಂಗಳೂರಿನ ಕಥೋಲಿಕರಿಗೆ ಅದು ಸಹಜವಾಗಿಯೇ ಮನೆಯ ಸ್ವತ್ತು. ಇಂಗ್ಲಿಷ್ ವಿದ್ಯೆಯನ್ನು ಕಲಿತು ಸರಕಾರದ ಕಚೇರಿಗಳನ್ನೂ ನ್ಯಾಯಾಲಯಗಳನ್ನೂ ಪ್ರವೇಶಿಸಬೇಕೆಂಬ ಲೌಕಿಕಾಪೇಕ್ಷೆ ಒಂದು ಕಡೆ, ಕಲಿತ ಮಕ್ಕಳು ಧರ್ಮದಿಂದ ದೂರ ಸರಿಯಬಾರದೆಂಬ ಆತಂಕ ಇನ್ನೊಂದು ಕಡೆ. ಈ ಎರಡಕ್ಕೂ ಒಂದೇ ಕಡೆ ಸಮಾಧಾನ ದೊರಕಿತೆಂಬುದರಿಂದಲೇ ಅವರಿಗೆ ಆ ಗುಡ್ಡದ ಮೇಲೆ ಅಷ್ಟು ಅಭಿಮಾನ. ಆಂಜೆಲೊ ಮಫೇಯಿ ಎಂಬ ಇಟಾಲಿಯನ್ ಗುರುಗಳು 1882ರಲ್ಲಿ ಕೊಂಕಣಿಯ ವ್ಯಾಕರಣವನ್ನೂ ಮರುವರ್ಷವೇ ಅದರ ನಿಘಂಟನ್ನೂ ಪ್ರಕಟಿಸಿದುದು ಈ ಅಭಿಮಾನಕ್ಕೆ ಇನ್ನೊಂದು ನೆಲೆಯನ್ನು ಒದಗಿಸಿತು. ಮನೆಮಾತನ್ನು ಪರದೇಶದ ಪಂಡಿತನೊಬ್ಬ ಶಾಸ್ತ್ರದ ಪೀಠಕ್ಕೆ ಏರಿಸಿದಾಗ ಆಡುವವರಿಗೆ ಆಗುವ ಸಂತೋಷವನ್ನು ಕಿಟೆಲ್ಲರ ಹೆಸರನ್ನು ಬಲ್ಲ ಕನ್ನಡಿಗರಿಗೆ ವಿವರಿಸಿ ಹೇಳಬೇಕಾದುದಿಲ್ಲ. ಆದರೆ ಸ್ವತ್ತೆಂಬ ಭಾವನೆಯ ಬೆನ್ನಿಗೇ ಹಕ್ಕಿನ ಭಾವನೆಯೂ ಬರುವುದು. ‘ನಾವು ಕಟ್ಟಿಸಿದ ಕಾಲೇಜಿನಲ್ಲಿ ನಮ್ಮ ಹುಡುಗನಿಗೇ ಸ್ಥಾನವಿಲ್ಲವೆ?’ ಎಂಬ ಪ್ರಶ್ನೆಯನ್ನು ಕೇಳದ ಸಮುದಾಯದ ವಿದ್ಯಾಸಂಸ್ಥೆ ನಮ್ಮ ನಾಡಿನಲ್ಲಿ ಯಾವುದಿದೆ? ಲಿಂಗಾಯತರ ಸಂಸ್ಥೆಗಳಿಗೂ ಒಕ್ಕಲಿಗರ ಸಂಸ್ಥೆಗಳಿಗೂ ಇದು ಹೊಸತಲ್ಲ.

ಇದೇ ಊರಿನ ಹಿಂದೂ ಮನೆತನಗಳ ದೃಷ್ಟಿ ಇಷ್ಟು ಸರಳವಾಗಿರಲಿಲ್ಲ. ಅದಕ್ಕೆ ಕಾರಣ ಯೇಸುಸಭೆಯವರು ಬರುವುದಕ್ಕೆ ಮೂವತ್ತೈದು ವರ್ಷಗಳಷ್ಟು ಹಿಂದೆಯೇ ಘಟಿಸಿದ್ದಿತು. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ಆದಿಪುರುಷನೆನಿಸಿದ ಬಾಸೆಲ್ ಮಿಶನ್ನಿನ ಹೆರ್ಮನ್ ಮೊಗ್ಲಿಂಗನ ಪ್ರಭಾವಕ್ಕೆ ಒಳಗಾಗಿ, 1844ರ ಆದಿಯಲ್ಲಿ ಸಾರಸ್ವತ ಬ್ರಾಹ್ಮಣ ತರುಣನಾದ ಆನಂದರಾವ್ ಕೌಂಡಿನ್ಯನು ಕ್ರೈಸ್ತಮತವನ್ನು ಸ್ವೀಕರಿಸಿದನು, ಊರಿನಲ್ಲಿ ದೊಡ್ಡ ಕೋಲಾಹಲವಾಯಿತು. ಕೌಂಡಿನ್ಯನು ಬಾಸೆಲ್ಲಿಗೆ ಹೋಗಿ ಶಿಕ್ಷಣ ಪಡೆದು, ಪಾದ್ರಿಯಾಗಿ ಹಿಂದಿರುಗಿ, ಬಹುಕಾಲ ದುಡಿದು 1893ರಲ್ಲಿ ತೀರಿಕೊಂಡನು. ಹಾಗಾಗಿ ಅಲೋಶಿಯಸ್ ಕಾಲೇಜಿನ ಆರಂಭದ ದಶಕದಲ್ಲಿ ಆ ಘಟನೆಯು ಅಜ್ಜಂದಿರ ಕಥೆಯಾಗಿರದೆ, ಬೀದಿಯಲ್ಲಿ ನಡೆದು ಹೋಗುವ ವ್ಯಕ್ತಿಯಾಗಿದ್ದಿತು. ಅಂಥ ಊರಿನಲ್ಲಿ ಹಿಂದೂ ತಂದೆಯೊಬ್ಬನು ತನ್ನ ಮಗನನ್ನು ಪಾದ್ರಿಗಳ ಶಾಲೆಗೆ ಕಳುಹಿಸುವಾಗ ಎರಡು ಮನಸ್ಸಿನಿಂದಲೇ ಕಳುಹಿಸಿರಬೇಕು. 1868ರಿಂದಲೇ ಸರಕಾರದ ಕಾಲೇಜು ಅಲ್ಲಿದ್ದಿತು. 1891ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹೈಸ್ಕೂಲನ್ನು ಸ್ಥಾಪಿಸಿದರು. ಹೀಗೆ ಬೇರೆ ದಾರಿಗಳು ಇದ್ದರೂ ಗುಡ್ಡವನ್ನೇರಿದ ಹಿಂದೂ ವಿದ್ಯಾರ್ಥಿಗಳ ಸಾಲು ಕಡಿಯಲಿಲ್ಲ. ಧರ್ಮೋಪದೇಶದ ತರಗತಿ ಕ್ರೈಸ್ತರಿಗೆ ಮಾತ್ರ, ಉಳಿದವರಿಗೆ ನೀತಿಬೋಧೆ ಎಂಬ ಕ್ರಮವು ಇಂಥ ಕಾಲೇಜುಗಳಲ್ಲಿ ರೂಢಿಗೆ ಬಂದದ್ದೂ, ಗಣಿತಕ್ಕೂ ಇಂಗ್ಲಿಷಿಗೂ ಶಿಸ್ತಿಗೂ ಅವು ಹೆಸರಾದದ್ದೂ ಕ್ರಮೇಣ ಆತಂಕವನ್ನು ಅಳಿಸಿ ಅದರ ಜಾಗದಲ್ಲಿ ಒಂದು ವಿಲಕ್ಷಣವಾದ ವಿಶ್ವಾಸವನ್ನು ಬೆಳೆಸಿದವು: ಮತ ಅವರದು, ಮಗ ನಮ್ಮವನು, ಓದು ಇಬ್ಬರದು. ಈ ಲೆಕ್ಕಾಚಾರದ ವಿಶ್ವಾಸವು ಪ್ರೀತಿಯಷ್ಟು ಮಧುರವಲ್ಲದಿದ್ದರೂ ಬಾಳಿಕೆಯಲ್ಲಿ ಅದಕ್ಕಿಂತ ಗಟ್ಟಿಯಾದುದೆಂದು ನನ್ನ ಎಣಿಕೆ. ಮುಂದೆ ಲೋಕಸಭೆಯ ಸಭಾಧ್ಯಕ್ಷರಾದ ಕೆ. ಎಸ್. ಹೆಗ್ಡೆಯವರು ಇಲ್ಲಿ ಓದಿದವರು. ಬುಕರ್ ಪ್ರಶಸ್ತಿಯನ್ನು ಪಡೆದ ಅರವಿಂದ ಅಡಿಗರೂ ಇಲ್ಲಿಯ ಹೈಸ್ಕೂಲಿನಲ್ಲಿ ಓದಿದವರು.

ಕನ್ನಡಕ್ಕೆ ಸಂಬಂಧಪಟ್ಟ ಒಂದು ಸಂಗತಿಯನ್ನು ಇಲ್ಲಿ ಸ್ವಲ್ಪ ವಿಸ್ತರಿಸಿಯೇ ಹೇಳಬೇಕಾಗಿದೆ. ಏಕೆಂದರೆ ಬೆಟ್ಟದ ಮೇಲಿನ ಕ್ರೈಸ್ತ ವಿದ್ಯಾಲಯವೆಂದರೆ ಇಂಗ್ಲಿಷಿನ ಕೋಟೆಯೆಂದು ಭಾವಿಸುವವರು ಇಂದಿಗೂ ಬಹುಮಂದಿ ಇರುವರು. ಪಂಪನನ್ನು ಕುರಿತು ಕನ್ನಡದಲ್ಲಿ ಹುಟ್ಟಿದ ಮೊದಮೊದಲ ದೊಡ್ಡ ವಿಮರ್ಶಾಗ್ರಂಥಗಳಲ್ಲಿ ಒಂದಾದ ‘ನಾಡೋಜ ಪಂಪ’ವು 1938ರಲ್ಲಿ ಬೆಳಕಿಗೆ ಬಂದಿತಷ್ಟೆ, ಅದನ್ನು ಬರೆದ ಮುಳಿಯ ತಿಮ್ಮಪ್ಪಯ್ಯನವರು ಇದೇ ಅಲೋಶಿಯಸ್ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿದ್ದರು. ಕಾರವಾರದಲ್ಲಿ 1931ರಲ್ಲಿ ನೆರೆದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿ ಹೋದಾಗಲೂ ಅವರ ವೃತ್ತಿ ಪಂಡಿತವೃತ್ತಿಯೇ. ಹವ್ಯಕ ವೈದಿಕ ಮನೆತನದ ವಿದ್ವಾಂಸರೊಬ್ಬರು, ರೋಮಿನ ಸಭೆಗೆ ಸೇರಿದ ಸಂನ್ಯಾಸಿಗಳು ನಡೆಸುವ ಶಾಲೆಯಲ್ಲಿ, ಜೈನ ಕವಿಯೊಬ್ಬನ ಮಹಾಕಾವ್ಯವನ್ನು ಪಾಠ ಹೇಳುತ್ತ ಅದರ ಮೇಲೆ ಗ್ರಂಥ ರಚಿಸಿದರೆಂಬುದು, ಕರ್ನಾಟಕದ ವಿದ್ಯಾಚರಿತ್ರೆಯಲ್ಲಿ ಎಷ್ಟು ಸಾರಿ ಹೇಳಿದರೂ ಹಳತಾಗದ ಮಾತು. ಅವರ ಅನಂತರದ ಕಾಲದಲ್ಲಿ ಛಂದಸ್ಸು, ವ್ಯಾಕರಣ, ಸ್ಥಳನಾಮಗಳಲ್ಲಿ ಅಸಾಧಾರಣ ಸೂಕ್ಷ್ಮದೃಷ್ಟಿಯುಳ್ಳ ಸೇಡಿಯಾಪು ಕೃಷ್ಣಭಟ್ಟರು ಅಲ್ಲಿಯೇ ಕನ್ನಡವನ್ನು ಕಲಿಸಿದರು. ಆ ಕಾಲದಲ್ಲಿ ಪಂಡಿತರ ಸಂಬಳ ಇಂಗ್ಲಿಷ್ ಅಧ್ಯಾಪಕರ ಸಂಬಳಕ್ಕಿಂತ ಕಡಮೆ, ಮಾನ್ಯತೆಯೂ ಕಡಮೆ. ಇದು ಮದರಾಸು ಆಧಿಪತ್ಯದ ಕಾಲೇಜುಗಳಲ್ಲೆಲ್ಲ ಇದ್ದ ಕೊರತೆಯೇ ಹೊರತು ಒಂದು ಸಂಸ್ಥೆಯ ದೋಷವಲ್ಲ. ಆದರೂ ಕನ್ನಡದ ವಿದ್ವತ್ಪ್ರಪಂಚಕ್ಕೆ ಈ ಗುಡ್ಡವು ಇಂದಿಗೂ ಮುಳಿಯರ ಗುಡ್ಡವಾಗಿಯೇ ಕಾಣುವುದು. ಇಟಲಿಯಿಂದ ಬಂದ ಮುಖ್ಯಸ್ಥರ ಹೆಸರುಗಳನ್ನು ಕೇಳದ ಧಾರವಾಡದ, ಮೈಸೂರಿನ ಎಂ.ಎ. ವಿದ್ಯಾರ್ಥಿಗೂ ಮುಳಿಯ, ಸೇಡಿಯಾಪು ಎಂಬ ಈ ಎರಡು ಹೆಸರುಗಳು ಗೊತ್ತು.

ಸರಕಾರದ ಕಣ್ಣಿನ ಮಾತನ್ನು ಬೇಗ ಮುಗಿಸಬಹುದು. ಬ್ರಿಟಿಷರ ಕಾಲದಿಂದಲೂ ಸರಕಾರವು ಇಂಥ ಕಾಲೇಜುಗಳಿಗೆ ಸಹಾಯಧನವನ್ನು ಕೊಟ್ಟಿತು. ಕೊಟ್ಟಲ್ಲೆಲ್ಲ ಅದು ಲೆಕ್ಕವನ್ನೂ ಕೇಳಿತು, ಆದ್ದರಿಂದ ಅದಕ್ಕೆ ಕಂಡದ್ದು ಹಾಜರಿ ಪಟ್ಟಿ, ಪರೀಕ್ಷೆಯ ಫಲಿತಾಂಶ, ಮಂಜೂರಾದ ಹುದ್ದೆ. ಸ್ವಾತಂತ್ರ್ಯಾನಂತರ ಸಂವಿಧಾನದ 30ನೆಯ ಅನುಚ್ಛೇದವು ಅಲ್ಪಸಂಖ್ಯಾತರಿಗೆ ತಮ್ಮ ಇಚ್ಛೆಯ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿತು; ಸರಕಾರದ ಹಣವನ್ನು ಪಡೆಯುವ ಸಂಸ್ಥೆಯು ಮತ, ಜಾತಿ, ಭಾಷೆಗಳ ಕಾರಣದಿಂದ ಯಾರಿಗೂ ಬಾಗಿಲು ಮುಚ್ಚಕೂಡದೆಂದು 29ನೆಯದು ಕಟ್ಟುಮಾಡಿತು. ಈ ಎರಡರ ನಡುವಣ ಎಳೆದಾಟವನ್ನು ಸರ್ವೋಚ್ಚ ನ್ಯಾಯಾಲಯದ ಹನ್ನೊಂದು ಮಂದಿ ನ್ಯಾಯಮೂರ್ತಿಗಳ ಪೀಠವು 2002ರ ಅಕ್ಟೋಬರ್ 31ರಂದು ವಿಸ್ತಾರವಾಗಿ ವಿಮರ್ಶಿಸಿದ ಮೊಕದ್ದಮೆಯ ಹೆಸರು, ಅದೇ ಕರಾವಳಿಯ ಮಣಿಪಾಲದ ಟಿ. ಎಂ. ಎ. ಪೈ ಪ್ರತಿಷ್ಠಾನದ್ದೆಂಬುದು ಗಮನಾರ್ಹ. ಖಾಸಗಿ ಎಂದು ಹೆಸರಾದ ಸಂಸ್ಥೆಯ ಹಿಂದೆ ಸಾರ್ವಜನಿಕರ ಅರ್ಜಿ, ಸಾರ್ವಜನಿಕರ ದಾನ, ಸರಕಾರದ ಬೊಕ್ಕಸ ಇವು ಮೂರೂ ಇದ್ದವೆಂಬುದನ್ನು ಮಾತ್ರ ನ್ಯಾಯಶಾಸ್ತ್ರದ ಚರ್ಚೆಯಲ್ಲಿ ಮರೆಯುವವರೇ ಹೆಚ್ಚು.

ಪ್ರವಾಸಿಯಾದರೋ ಕಾಲೇಜನ್ನು ನೋಡುವುದೇ ಇಲ್ಲ, ಪ್ರಾರ್ಥನಾಮಂದಿರವನ್ನು ನೋಡಿ ಹೋಗುವನು. ಬೆರ್ಗಾಮೊ ಪಟ್ಟಣದ ಹತ್ತಿರದ ಸ್ತೆಜಾನೊ ಗ್ರಾಮದಲ್ಲಿ 1854ರಲ್ಲಿ ಹುಟ್ಟಿದ ಆಂಟೋನಿಯೊ ಮೊಸ್ಕೇನಿ ಎಂಬ ಯೇಸುಸಭೆಯ ಸಹೋದರನು 1899ರಿಂದ 1901ರ ವರೆಗೆ ಇದರ ಗೋಡೆಗಳನ್ನೂ ಛಾವಣಿಯನ್ನೂ ವರ್ಣಮಯಗೊಳಿಸಿದನು. ಹಸಿ ಗಾರೆಯ ಮೇಲೆ ಬರೆದ ಚಿತ್ರಗಳು ಕೆಲವು, ಕ್ಯಾನ್‌ವಾಸಿನ ಮೇಲೆ ತೈಲವರ್ಣದಲ್ಲಿ ಬರೆದವು ಕೆಲವು. ಕಂಬದ ಮೇಲಿನ ಕೆತ್ತನೆಯೆಂದು ತೋರಿದ್ದು ಹತ್ತಿರ ಹೋಗಿ ನೋಡಿದರೆ ಬಣ್ಣದ ನೆರಳು. ಹೂವಿನ ಹಾರವೆಂದು ತೋರಿದ್ದು ಸಪಾಟಾದ ಗೋಡೆ. ಛಾವಣಿಯಲ್ಲಿ ಸಂತ ಅಲೋಶಿಯಸ್ ಗೊನ್ಜಾಗನ ಜೀವನಕಥೆ ಇರುವುದು: ಅರಸುಮನೆತನದ ಜ್ಯೇಷ್ಠಪುತ್ರನಾಗಿ 1568ರಲ್ಲಿ ಹುಟ್ಟಿ, ದೊರೆತನವನ್ನು ತಮ್ಮನಿಗೆ ಬಿಟ್ಟುಕೊಟ್ಟು ಸಂನ್ಯಾಸಿಯಾಗಿ, ರೋಮಿನಲ್ಲಿ ಸಾಂಕ್ರಾಮಿಕ ಜಾಡ್ಯದಿಂದ ಬಿದ್ದವರನ್ನು ಶುಶ್ರೂಷೆ ಮಾಡುತ್ತ ತಾನೂ 1591ರಲ್ಲಿ ಇಪ್ಪತ್ತಮೂರರ ಹರೆಯದಲ್ಲಿ ಮಡಿದವನ ಕಥೆ. ಕರಾವಳಿಯ ತೇವದಿಂದ ಮಾಸಿದ್ದ ಈ ಚಿತ್ರಗಳನ್ನು 1990ರ ದಶಕದ ಪೂರ್ವಾರ್ಧದಲ್ಲಿ ಇಂಟ್ಯಾಕ್ ಸಂಸ್ಥೆಯ ಲಖನೌ ಕೇಂದ್ರದ ತಜ್ಞರು ಜೀರ್ಣೋದ್ಧಾರ ಮಾಡಿದರು.

ಈ ಛಾವಣಿಯ ಕೆಳಗೆ ನಮ್ಮ ಕಡೆಯ ಮನುಷ್ಯನೊಬ್ಬನನ್ನು ನಿಲ್ಲಿಸಿದರೆ ಅವನು ಏನನ್ನು ಕಾಣುವನು? ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯಲ್ಲಿ ಕ್ರೈಸ್ತರ ಮನೆಗಳು ವಿರಳ. ಅಲ್ಲಿಯ ಜನಕ್ಕೆ ಕ್ರೈಸ್ತ ಸಂಸ್ಥೆಗಳ ಪರಿಚಯವಾದದ್ದು ಮತದ ಮೂಲಕವಲ್ಲ. ಹಾಗೆ ನೋಡಿದರೆ ಪರಿಚಯ ಬಹಳ ಹಳೆಯದೆಂದೂ ಹೇಳಬಹುದು. ಒಂದನೆಯ ಅಲಿ ಆದಿಲಶಹನು 1561ರಲ್ಲಿ ಗೋವೆಯಿಂದ ವಿದ್ವಾಂಸರಾದ ಪಾದ್ರಿಗಳನ್ನು ಬಿಜಾಪುರಕ್ಕೆ ಕರೆಯಿಸಿಕೊಂಡಾಗ ಬಂದವರಲ್ಲಿ ಯೇಸುಸಭೆಯ ಗೊನ್ಸಾಲೊ ರೊಡ್ರಿಗೇಸರೂ ಇದ್ದರು. ಸುಲ್ತಾನನು ಆಲಿಸಿದನು, ಆದರಿಸಿದನು, ತನ್ನ ಧರ್ಮದಲ್ಲಿಯೇ ಉಳಿದನು. ರೈತನಿಗೆ ಅರಮನೆಯ ಈ ಕಥೆ ತಿಳಿದಿರಲಾರದು. ಅವನಿಗೆ ತಿಳಿದದ್ದು ಗದಗ-ಬೆಟಗೇರಿಯ ‘ಜರ್ಮನ್ ದವಾಖಾನಿ’; ಗುಳೇದಗುಡ್ಡ, ಬಿಜಾಪುರ, ಧಾರವಾಡಗಳಲ್ಲಿ ಬಾಸೆಲ್ ಮಿಶನ್ನಿನವರು ನೆಲೆಯೂರಿ ನಡೆಸಿದ ‘ಮಿಶನ್ ಸಾಲಿ’. ಅಂದರೆ ರೋಗಕ್ಕೆ ಮದ್ದು, ಮಗನಿಗೆ ಅಕ್ಷರ. ಅದರಾಚೆಗಿನ ತತ್ತ್ವಭೇದ, ಪ್ರಾಟೆಸ್ಟಂಟರು ಕಥೋಲಿಕರು ಎಂಬ ಅಂತರ, ಬಾಸೆಲ್ಲಿನವರಿಗೂ ಯೇಸುಸಭೆಯವರಿಗೂ ಇದ್ದ ಪೈಪೋಟಿ, ಇವೊಂದೂ ಅವನ ಲಕ್ಷ್ಯಕ್ಕೆ ಬಂದುದಲ್ಲ.

ಆದರೆ ಅವನ ಬಳಿ ಬೇರೆಯೇ ಒಂದು ಅಳತೆಗೋಲು ಇರುವುದು, ಅದು ಮಠ. ಬಸವಣ್ಣನು ಹುಟ್ಟಿದ ಬಾಗೇವಾಡಿಯ ಈ ಸೀಮೆಯಲ್ಲಿ ಕಾವಿಯುಟ್ಟ ಸಂನ್ಯಾಸಿಯು ಶಾಲೆಯನ್ನು ನಡೆಸುವುದೂ, ಬಡ ಹುಡುಗರಿಗೆ ಪ್ರಸಾದ ನಿಲಯದಲ್ಲಿ ಎರಡು ಹೊತ್ತು ಜೋಳದ ರೊಟ್ಟಿ ಹಾಕಿಸುವುದೂ, ಭಕ್ತರ ಮನೆಗಳಿಂದ ಕಾಳುಕಡಿಯನ್ನು ಎತ್ತಿ ತರಿಸುವುದೂ ನಿತ್ಯದ ನೋಟ. ಸಿಂದಗಿಯ ಸಾರಂಗಮಠದ ವಿದ್ಯಾಸಂಸ್ಥೆಗಳನ್ನು ಬಲ್ಲವನಿಗೆ, ಮದುವೆಯಾಗದ, ಸ್ವಂತ ಆಸ್ತಿಯಿಲ್ಲದ, ಗುರುವಿನ ಆಜ್ಞೆಯಂತೆ ಊರಿಂದೂರಿಗೆ ವರ್ಗವಾಗುವ ಬಿಳಿಯ ನಿಲುವಂಗಿಯ ವ್ಯಕ್ತಿಯು ಕಾಲೇಜಿನ ಯಜಮಾನನಾಗಿರುವುದರಲ್ಲಿ ವಿಚಿತ್ರವೇನೂ ತೋರದು. 1880ರಲ್ಲಿಯೇ, ಎಂದರೆ ಗುಡ್ಡದ ಕಾಲೇಜು ತೆರೆದ ವರ್ಷದಲ್ಲಿಯೇ ಹುಟ್ಟಿದ ಫ. ಗು. ಹಳಕಟ್ಟಿಯವರು ಬಿಜಾಪುರದಲ್ಲಿ ವಕೀಲರಾಗಿ, ವಚನಗಳನ್ನು ತಾಳೆಗರಿಯಿಂದ ಅಚ್ಚಿಗೆ ತಂದುದಲ್ಲದೆ 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯನ್ನೂ ಕಟ್ಟಿದರು, 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಅಧ್ಯಾಪಕರು ಕೆ.ಎಲ್.ಇ. ಸೊಸೈಟಿಯನ್ನು ಸ್ಥಾಪಿಸಿದರು. ಈ ಎರಡೂ ಸಂಸ್ಥೆಗಳು ಮುಂದೆ ಡೀಮ್ಡ್ ವಿಶ್ವವಿದ್ಯಾನಿಲಯಗಳನ್ನು ಪಡೆದವು. ಸಮುದಾಯವೊಂದರ ದಾನದಿಂದ ಎದ್ದು, ಎಲ್ಲರ ಮಕ್ಕಳಿಗೂ ಪಾಠ ಹೇಳಿ, ಕೊನೆಗೆ ತಾನೇ ಪದವಿಯನ್ನು ಕೊಡುವಷ್ಟರ ಮಟ್ಟಿಗೆ ಬೆಳೆದ ಸಂಸ್ಥೆಯೆಂದರೆ ನಮ್ಮವರಿಗೆ ಮನೆಯ ಹಿತ್ತಿಲಿನ ಅನುಭವ. ಕ್ರೈಸ್ತ ವಿಶ್ವವಿದ್ಯಾನಿಲಯವೆಂದರೆ ಪಶ್ಚಿಮದಿಂದ ಬಂದು ಇಲ್ಲಿ ನಾಟಿದ ಪರಕೀಯ ವಸ್ತುವೆಂದು ಪಟ್ಟಣದ ವಿದ್ಯಾವಂತರು ವಾದಿಸುವುದನ್ನು ಕೇಳಿರುವೆನು. ಹಳ್ಳಿಯವರ ಬಾಯಲ್ಲಿ ಆ ವಾದವನ್ನು ನಾನು ಕೇಳಿದವನಲ್ಲ.

ಜೂನ್ ತಿಂಗಳಲ್ಲಿ ಮಗನನ್ನು ಸೇರಿಸಲು ಬಂದ ನಮ್ಮ ಕಡೆಯ ರೈತನು, ತಲೆಯ ಮೇಲಿನ ಬಿಳಿಯ ಟೋಪಿಯನ್ನು ಸರಿಪಡಿಸಿಕೊಂಡು, ಕಚೇರಿಯ ಬಾಗಿಲಿನಲ್ಲಿ ಚಪ್ಪಲಿಯನ್ನು ಕಳಚಿಟ್ಟು, ಮೇಜಿನಾಚೆ ಕುಳಿತಿರುವ ಗುರುಗಳಿಗೆ ಕೈಮುಗಿದು, ‘ಅಜ್ಜಾರ, ಹುಡುಗನ್ನ ನಿಮ್ಮ ಉಡ್ಯಾಗ ಹಾಕೀನ್ರಿ, ಬುದ್ಧಿ ಹೇಳಿ ಮನಷ್ಯಾನ್ನ ಮಾಡ್ರಿ’ ಎನ್ನುವನು. ಕರಾವಳಿಯ ಕನ್ನಡಕ್ಕೆ ಒಗ್ಗಿದ ಕಿವಿಗೆ ಅದು ಅರ್ಧ ತಿಳಿದೀತು, ಅರ್ಧ ತಿಳಿಯದು. ಪಕ್ಕದಲ್ಲಿ ನಿಂತ ಹುಡುಗನಿಗೆ ಸಂಕೋಚ. ‘ಅಪ್ಪಾ, ಇಲ್ಲಿ ಫಾದರ್ ಅನ್ನಬೇಕು’ ಎಂದು ಅವನು ಮೆಲ್ಲಗೆ ಹೇಳುವನು. ‘ಫಾದರ್ ಅಂದ್ರೂ ಅಪ್ಪನ ಅಲ್ಲೇನೊ, ನಾ ಅಜ್ಜಾರು ಅಂದೆ, ಹೆಚ್ಚಿಗೀನ ಆತಲ್ಲ’ ಎಂದು ತಂದೆಯ ಉತ್ತರ ಸಿದ್ಧವಾಗಿರುವುದು. ಶುಲ್ಕದ ಪಟ್ಟಿ ಕೈಗೆ ಬಂದಮೇಲೆ ಮಾತ್ರ ಆ ಹಾಸ್ಯ ನಿಲ್ಲುವುದು. ಮಠದ ಪ್ರಸಾದ ನಿಲಯದಲ್ಲಿ ಕಬ್ಬಿನ ಬಿಲ್ಲು ಬಂದಮೇಲೆ ಕೊಡುತ್ತೇನೆಂದರೆ ನಡೆಯುತ್ತಿದ್ದಿತು. ಕಂಪ್ಯೂಟರಿನ ಪರದೆಯು ಕಬ್ಬಿನ ಬಿಲ್ಲಿಗೆ ಕಾಯುವುದಿಲ್ಲ.

ಬಿಜಾಪುರದಿಂದ ಮಂಗಳೂರಿಗೆ ನೇರವಾದ ರೈಲು ಬಂದಮೇಲೆ ಈ ಕಡೆಯವರ ಸಂಚಾರ ಹೆಚ್ಚಿರುವುದು. ಆದರೆ ಅದರಲ್ಲಿ ಬರುವವರೆಲ್ಲ ಪುಸ್ತಕದ ಚೀಲದವರಲ್ಲ. ಮಳೆ ಕೈಕೊಟ್ಟ ವರ್ಷ ‘ದುಡ್ಯಾಕ’ ಹೊರಟ ಕುಟುಂಬಗಳು, ಬುತ್ತಿಯ ಗಂಟು, ಹಾಸಿಗೆಯ ಸುರುಳಿ, ಕಂಕುಳಲ್ಲಿ ಮಗು; ಮಂಗಳೂರಿನ ಕಟ್ಟಡಗಳಿಗೆ ಮಣ್ಣು ಕಲ್ಲು ಹೊರುವವರಲ್ಲಿ ಉತ್ತರ ಕರ್ನಾಟಕದವರು ಎಷ್ಟು ಮಂದಿಯೆಂಬುದು ಆ ಊರಿನಲ್ಲಿ ಬೆಳಗಿನ ಹೊತ್ತು ಕೂಲಿಕಾರರು ನಿಲ್ಲುವ ವೃತ್ತಗಳನ್ನು ನೋಡಿದವರಿಗೆ ಗೊತ್ತು. ಅವರಿಗೂ ಈ ಗುಡ್ಡ ಕಾಣುವುದು. ಬಸ್ಸಿನ ಕಿಟಕಿಯಿಂದ ಕಾಣುವ ಉದ್ದನೆಯ ಗೋಡೆ, ಗೇಟಿನೊಳಗೆ ಹೋಗುವ ವಾಹನಗಳ ಸಾಲು. ಸಂಸ್ಥೆಗೆ ಏನನ್ನೂ ಕೊಡುವ ಅವಕಾಶವೇ ದೊರೆಯದ ಇವರಿಗೆ ಅದರಲ್ಲಿ ಏನೂ ಕಾಣದಿರುವುದನ್ನು ಅವರ ದೋಷವೆಂದು ಯಾರು ಹೇಳಿಯಾರು? ಸಂಸ್ಥೆಯು ನಡೆಸುವ ಸಮುದಾಯ ಬಾನುಲಿ, 107.8ರ ರೇಡಿಯೊ ಸಾರಂಗ್, ಒಂದು ಅಗ್ಗದ ಮೊಬೈಲಿನ ಮೂಲಕ ಇವರ ಡೇರೆಯನ್ನು ಮುಟ್ಟಬಲ್ಲುದು. ಕಟ್ಟಡಗಳಿಗಿಂತ ಅದರ ಮೇಲೆ ನನಗೆ ಹೆಚ್ಚು ಭರವಸೆ.

ಪರಿಗಣಿತ ವಿಶ್ವವಿದ್ಯಾನಿಲಯವೆಂಬ ಹೊಸ ಪದವಿಯಿಂದ ಒಂದು ಬದಲಾವಣೆ ಖಚಿತವಾಗಿ ಆಗಿರುವುದು. ಇಷ್ಟು ಕಾಲ ಇಲ್ಲಿ ಓದಿದವರ ಪ್ರಮಾಣಪತ್ರದ ಮೇಲೆ ಮದರಾಸಿನ, ಮೈಸೂರಿನ, ಮಂಗಳೂರಿನ ವಿಶ್ವವಿದ್ಯಾನಿಲಯದ ಮುದ್ರೆ ಬೀಳುತ್ತಿದ್ದಿತು. ಇನ್ನು ಸಂಸ್ಥೆಯ ಸ್ವಂತ ಮುದ್ರೆ. ಬೆಂಗಳೂರಿನ ಕ್ರೈಸ್ಟ್ ಕಾಲೇಜು 1969ರಲ್ಲಿ ಹುಟ್ಟಿ 2008ರಲ್ಲಿ ಈ ಘಟ್ಟವನ್ನು ದಾಟಿತು. 1882ರಷ್ಟು ಹಳೆಯದಾದ ಅಲ್ಲಿಯ ಸೇಂಟ್ ಜೋಸೆಫ್ಸ್ ಕಾಲೇಜು ರಾಜ್ಯದ ಕಾನೂನಿನ ಮೂಲಕ ವಿಶ್ವವಿದ್ಯಾನಿಲಯವಾಗಿ 2022ರ ಸೆಪ್ಟೆಂಬರಿನಲ್ಲಿ ರಾಷ್ಟ್ರಪತಿಗಳ ಹಸ್ತದಿಂದ ಉದ್ಘಾಟನೆಗೊಂಡಿತು. ಮುದ್ರೆ ಸ್ವಂತದ್ದಾದಾಗ ಪಠ್ಯಕ್ರಮವನ್ನು ರೂಪಿಸುವ ಸ್ವಾತಂತ್ರ್ಯ ಬರುವುದು, ಕನ್ನಡಕ್ಕೆ ಎಷ್ಟು ತಾಸೆಂಬುದನ್ನು ತಾನೇ ನಿರ್ಧರಿಸುವ ಹೊಣೆಯೂ ಬರುವುದು. ಖರ್ಚಿನ ಭಾರವನ್ನು ಹೆಚ್ಚುಹೆಚ್ಚಾಗಿ ಶುಲ್ಕವೇ ಹೊರಬೇಕಾಗಿ ಬಂದರೆ, ಮುಂದಿನ ತಲೆಮಾರಿಗೆ ಇದು ದಾನಿಯ ಭೂಮಿಯಾಗಿಯೂ ಕಾಣದು, ಪಂಡಿತರ ಪೀಠವಾಗಿಯೂ ಕಾಣದು. ಹಣ ತೆತ್ತು ಕೊಂಡ ಒಂದು ಸೀಟಾಗಿ ಕಾಣುವುದು. ಈ ಭಯವು ಕ್ರೈಸ್ತರ ಸಂಸ್ಥೆಗಳಿಗೆ ಎಷ್ಟೋ ನಮ್ಮ ಲಿಂಗಾಯತ ಸಂಸ್ಥೆಗಳಿಗೂ ಅಷ್ಟೇ ಅನ್ವಯಿಸುವುದು, ಮತ್ತು ಅಲ್ಲಿ ಅದು ಬಹುಮಟ್ಟಿಗೆ ನಿಜವಾಗಿಯೂ ಹೋಗಿರುವುದು. ಬಾವುಟಗುಡ್ಡೆಯಲ್ಲಿ ಹಾಗಾಗುವುದೋ ಇಲ್ಲವೋ ಎಂಬುದನ್ನು ಈಗಲೇ ತಿಳಿಯಲಾಗದು. ಇನ್ನು ಹತ್ತು ವರ್ಷ ಬಿಟ್ಟು ಅದರ ಪ್ರವೇಶದ ವಹಿಯನ್ನು ತೆರೆದು, ಆಲಮೇಲ, ಮುದ್ದೇಬಿಹಾಳಗಳ ಕಡೆಯ ಒಣಬೇಸಾಯದ ಮನೆ ಮಕ್ಕಳ ಹೆಸರು ಎಷ್ಟು ಇವೆಯೆಂದೂ, ಅವರಲ್ಲಿ ಪೂರ್ತಿ ಶುಲ್ಕ ಕೊಡಲಾರದೆಯೂ ಓದು ಮುಗಿಸಿದವರು ಎಷ್ಟು ಮಂದಿಯೆಂದೂ ಎಣಿಸಿ ನೋಡತಕ್ಕದ್ದು.